ಎಡಗಡೆಯ ಮುಂದಿನ ಹೆಗಲು

ಕರೀಂ ಸಾಬರ ಟೇಪು ಬೆನ್ನಿಗೆ ತಾಗಿದಾಗ ನಾನು ಎದೆ ಉಬ್ಬಿಸಬಾರದಾಗಿತ್ತು. ಉಬ್ಬಿಸಿದೆ. ಮುಂದೆ ನಡೆದದ್ದಕ್ಕೆ ಬೇರೆ ಯಾರನ್ನು ದೂರಿದರೂ ಪಾಪ ಬರುತ್ತದೆ.

ಐವತ್ತಾರು ವರ್ಷದ ಗಂಡಸು, ಅದರಲ್ಲೂ ಇಪ್ಪತ್ತೆಂಟು ವರ್ಷದಿಂದ ಶೆಟ್ಟಿಕೆರೆಯಲ್ಲಿ ಮನೆಅಳಿಯನಾಗಿ ಬಾಳುತ್ತಿರುವವನು, ಎದೆ ಉಬ್ಬಿಸುವ ಅಭ್ಯಾಸವನ್ನು ಯಾವತ್ತೋ ಬಿಟ್ಟಿರುತ್ತಾನೆ. ನಾನೂ ಬಿಟ್ಟವನೇ. ಆದರೆ ಅವತ್ತು ತಿಪಟೂರಿನ ಆ ಅಂಗಡಿಯಲ್ಲಿ ನನಗಿಂತ ಮುಂಚೆ ಅಳತೆ ಕೊಟ್ಟವನು ದುರ್ಗಯ್ಯ. ಇವನು ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ತುರುವೇಕೆರೆಯಲ್ಲಿ ಯಾವುದೋ ಕಚೇರಿಯಲ್ಲಿ ಗುಮಾಸ್ತ. ಯಾವ ಕಚೇರಿ ಎಂದು ಕೇಳಿದರೆ ‘ತಾಲ್ಲೂಕು ಮಟ್ಟದ್ದು’ ಎನ್ನುತ್ತಾನೆ. ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶದ ಫೋಟೋಗೆ ಮನೆಯ ಗಂಡಸರೆಲ್ಲ ಒಂದೇ ಬಣ್ಣದ ಅಂಗಿ ತೊಟ್ಟು ನಿಲ್ಲಬೇಕೆಂದು ತಾನೇ ಬಟ್ಟೆ ತಂದಿದ್ದ, ಬದನೆಕಾಯಿ ಬಣ್ಣದ್ದು. ಐದಡಿಗೆ ಒಂದಿಂಚು ಕಮ್ಮಿ ಇರುವ ಆಸಾಮಿ. ಕರೀಂ ಸಾಬರು ಅವನ ಅಳತೆ ಹಿಡಿದು ‘ಎದೆ ನಲವತ್ತು’ ಎಂದು ಗಟ್ಟಿಯಾಗಿ ಹೇಳಿಕೊಂಡು ಪುಸ್ತಕದಲ್ಲಿ ಬರೆದರು. ಅವನು ನನ್ನ ಕಡೆ ತಿರುಗಿ ನೋಡಿದ. ಅಷ್ಟು ಸಾಕಾಯಿತು.

ನಾನು ಹೊಟ್ಟೆ ಒಳಗೆಳೆದೆ, ಉಸಿರು ಕಟ್ಟಿದೆ, ಎರಡು ಹೆಗಲನ್ನೂ ಹಿಂದಕ್ಕೆ ಜಗ್ಗಿ ಎದೆಯನ್ನು ಮುಂದಕ್ಕೆ ತಂದೆ. ಮೂವತ್ತೊಂಬತ್ತೂವರೆಯವರೆಗೆ ಬಂದಿರಬೇಕು. ಆಗ ಎಡ ಬೆನ್ನಿನ ಮೇಲ್ಗಡೆ, ಹೆಗಲಿನ ಹಲಗೆ ಇರುವ ಜಾಗದಲ್ಲಿ, ‘ಕಟಕ್’ ಎಂದಿತು. ಸಣ್ಣ ಸದ್ದೇನಲ್ಲ. ಹೊಲಿಗೆ ಯಂತ್ರ ತುಳಿಯುತ್ತಿದ್ದ ಇಬ್ಬರೂ ಕಾಲು ನಿಲ್ಲಿಸಿದರು.

ಹೊಲಿಗೆ ಬಿಚ್ಚಿತೇನೋ ಎಂಬಂತೆ ಕರೀಂ ಸಾಬರು ಆ ಜಾಗವನ್ನು ಸವರಿ ನೋಡಿದರು. ಆಮೇಲೆ ಎಡ ಹೆಗಲು ಬಲಕ್ಕಿಂತ ಅರ್ಧ ಇಂಚು ಕೆಳಗಿದೆ ಎಂದರು. ನಲವತ್ತು ವರ್ಷದ ಕಸುಬಿನಲ್ಲಿ ಎರಡೂ ಹೆಗಲು ಸಮ ಇರುವ ಮನುಷ್ಯನನ್ನೇ ತಾವು ಕಂಡಿಲ್ಲ, ಒಳಗೊಂದು ಪಟ್ಟಿ ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಸಮಾಧಾನ ಹೇಳಿದರು. ಅದನ್ನು ಕೇಳಿಸಿಕೊಳ್ಳಲು ದುರ್ಗಯ್ಯ ಅಲ್ಲಿರಲಿಲ್ಲ. ಅವನು ಬಾಗಿಲ ಬಳಿ ನಿಂತು ತನ್ನ ಹೆಂಡತಿಗೆ ಫೋನು ಮಾಡುತ್ತಿದ್ದ. ಅವಳು ಅಕ್ಕನಿಗೆ ಮಾಡಿದಳು. ನಾನು ಅಂಗಿಯ ಗುಂಡಿ ಹಾಕಿಕೊಳ್ಳುವುದರೊಳಗೆ ನನ್ನ ಹೆಂಡತಿ ಪುಟ್ಟಲಕ್ಷ್ಮಮ್ಮ ನನಗೇ ಫೋನು ಮಾಡಿ, ನನ್ನ ಹೆಗಲು ಮುರಿದ ವಿಷಯವನ್ನು ನನಗೆ ತಿಳಿಸಿದಳು.

ನಮ್ಮ ಮನೆಯಲ್ಲಿ ಹೆಗಲು ಎಂದರೆ ಬರೀ ಹೆಗಲಲ್ಲ. ಅದನ್ನು ಇಲ್ಲಿ ಹೇಳಲೇಬೇಕು.

ಅತ್ತೆ ರಂಗಮ್ಮನವರಿಗೆ ಎಂಬತ್ತನಾಲ್ಕು. ನನ್ನಪ್ಪನ ಅಕ್ಕ, ನನ್ನ ಹೆಂಡತಿಯ ತಾಯಿ. ಹೀಗಾಗಿ ನನ್ನನ್ನು ಬೈಯಲು ಅವರಿಗೆ ಎರಡು ಕಡೆಯಿಂದ ಹಕ್ಕಿದೆ, ಎರಡನ್ನೂ ಚಲಾಯಿಸುತ್ತಾರೆ. ಗಂಡುಮಕ್ಕಳಿಲ್ಲ, ಇಬ್ಬರೇ ಹೆಣ್ಣುಮಕ್ಕಳು. ಮಾವ ತೀರಿಕೊಂಡ ಹತ್ತು ವರ್ಷದಿಂದ, ಪ್ರತಿ ಯುಗಾದಿಯ ಮಾರನೆ ದಿನ, ವರ್ಷತೊಡಕಿನ ಊಟ ಮುಗಿದ ಮೇಲೆ, ಅತ್ತೆ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಎಲ್ಲರನ್ನೂ ಕೂರಿಸಿ ತಮ್ಮ ಚಟ್ಟಕ್ಕೆ ಯಾರ್‍ಯಾರು ಹೆಗಲು ಕೊಡಬೇಕೆಂದು ಹೇಳುತ್ತಾರೆ. ವರ್ಷತೊಡಕಿನಲ್ಲಿ ಆಡಿದ್ದು ವರ್ಷವಿಡೀ ನಡೆಯುತ್ತದೆಂಬ ನಂಬಿಕೆ. ಹಿಂದಿನ ಎರಡು ಮೂಲೆಗೆ ಮಾವನ ತಮ್ಮನ ಮಗ ಮೋಹನ್ ಕುಮಾರನ ಇಬ್ಬರು ಗಂಡುಮಕ್ಕಳು. ಮುಂದೆ ಬಲಕ್ಕೆ ಮೋಹನ್ ಕುಮಾರನೇ. ಮುಂದೆ ಎಡಕ್ಕೆ ತಿಮ್ಮಯ್ಯ, ಅಂದರೆ ನಾನು. ಅಳಿಯ ಹೆಗಲು ಕೊಡಬಹುದೇ ಕೂಡದೇ ಎಂದು ಊರಿನಲ್ಲಿ ಎರಡು ಅಭಿಪ್ರಾಯವಿತ್ತು. “ಸಾಯೋಳು ನಾನು” ಎಂದು ಅತ್ತೆ ಎರಡನ್ನೂ ಮುಗಿಸಿದರು.

ಈ ಜಾಗ ನನಗೆ ಸುಮ್ಮನೆ ಸಿಕ್ಕಿದ್ದಲ್ಲ. ಮಾವ ಹೋದಾಗ ಮನೆಯಿಂದ ತೋಟದವರೆಗೆ ಒಂದೂವರೆ ಮೈಲಿ ನಾನು ಹೆಗಲು ಬದಲಾಯಿಸದೆ ಹೊತ್ತೆನೆಂದು ಜನ ಬಂದು ಅತ್ತೆಗೆ ಹೇಳಿದ್ದರು. ನಿಜ ಹೇಳಬೇಕೆಂದರೆ ಬದಲಿಗೆ ಯಾರೂ ಬರಲಿಲ್ಲ. ಮೂರು ಸಲ ಹಿಂತಿರುಗಿ ನೋಡಿದ್ದೆ. ಅದೇನೇ ಇರಲಿ, ಇಪ್ಪತ್ತೆಂಟು ವರ್ಷದಲ್ಲಿ ಆ ಮನೆಯೊಳಗೆ ನನಗೆ ಸಿಕ್ಕ ಮರ್ಯಾದೆ ಅದೊಂದೇ. ನಾನು ಹಾಕಿಸಿದ ಬೋರಿನಲ್ಲಿ ನೀರು ಬರಲಿಲ್ಲ, ನಾನು ತಂದ ಹಸು ಒದೆಯಿತು, ನಾನು ನೆಟ್ಟ ಹದಿನಾರು ತೆಂಗಿನ ಸಸಿಗೆ ನುಸಿ ಬಡಿಯಿತು. ಆದರೆ ಎಡಗಡೆ ಮುಂದಿನ ಹೆಗಲು ನನ್ನದು. ವರ್ಷಕ್ಕೊಮ್ಮೆ ಅದನ್ನು ಎಲ್ಲರೆದುರು ಕೇಳಿಸಿಕೊಂಡು ನಾನು ಉಳಿದ ವರ್ಷವನ್ನು ದೂಡುತ್ತಿದ್ದೆ. ದುರ್ಗಯ್ಯನಿಗೆ ಈ ಪಟ್ಟಿಯಲ್ಲಿ ಜಾಗವಿರಲಿಲ್ಲ, ಅವನ ಎತ್ತರಕ್ಕೆ ಚಟ್ಟ ವಾಲುತ್ತದೆಂದು.

ಮಾರನೆ ದಿನ ಪುಟ್ಟಲಕ್ಷ್ಮಮ್ಮ ನನ್ನನ್ನು ಹಿಡಿದುಕೊಂಡು ತಿಪಟೂರಿನ ಮೂಳೆ ಡಾಕ್ಟರ ಹತ್ತಿರ ಹೋದಳು. ಡಾಕ್ಟರಮ್ಮನ ಹೆಸರು ಅನಿತಾ, ಚಿಕ್ಕ ವಯಸ್ಸು, ಒಳ್ಳೆಯ ತಾಳ್ಮೆ. ಎಕ್ಸರೇ ಮಾತ್ರ ಮಹಡಿ ಮೇಲೆ, ಇಪ್ಪತ್ತೆರಡು ಮೆಟ್ಟಿಲು. ಮೂಳೆ ಮುರಿದವರು ಹತ್ತಿ ಹೋಗಿ ಮುರಿದದ್ದು ಖಚಿತವಾದ ಮೇಲೆ ಇಳಿದು ಬರಬೇಕು. ನನ್ನದೇನೂ ಮುರಿದಿರಲಿಲ್ಲ. ಎದೆ ಉಬ್ಬಿಸುವಾಗ ಒಂದು ಸ್ನಾಯು ಹಿಡಿದುಕೊಂಡಿದೆ, ವಾರ ಮುಲಾಮು ತಿಕ್ಕಿದರೆ ಹೋಗುತ್ತದೆ ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರು ವಿದ್ಯಾವಂತರು, ನಾವು ಮುಖ ಪೆಚ್ಚಾಗಿಸಿಕೊಂಡು ಕೂತಿದ್ದೆವು, ವಿವರಿಸಿ ಹೇಳಿದರೆ ಧೈರ್ಯ ಬರುತ್ತದೆಂದುಕೊಂಡರು.

ಎಕ್ಸರೇಯನ್ನು ದೀಪಕ್ಕೆ ಹಿಡಿದು ತೋರಿಸಿದರು. ಕತ್ತಿನ ಬುಡದಲ್ಲಿ ಅಡ್ಡಕ್ಕೆ ಮಲಗಿರುವುದು ಕೊರಳೆಲುಬು. ಬೆರಳು ಗಾತ್ರ, ಎರಡು ಕಡೆ ಬಾಗು. ಎದೆಯ ನಡುಮೂಳೆಯಿಂದ ಹೊರಟು ಹೆಗಲಿನ ತುದಿ ಮುಟ್ಟುತ್ತದೆ. ಹೆಗಲು ಎದೆಯ ಮೇಲೆ ಕುಸಿಯದಂತೆ ಊರುಗೋಲು ಕೊಟ್ಟು ನಿಂತಿರುವುದು ಅದು. ಇಡೀ ತೋಳನ್ನು ಮುಂಡದ ಮೂಳೆಗೆ ಸೇರಿಸಿರುವ ಮೂಳೆ ಅದೊಂದೇ. ತಾಯಿಯ ಹೊಟ್ಟೆಯಲ್ಲಿ ಗಟ್ಟಿಯಾಗಲು ಮೊದಲು ಶುರುಮಾಡುವುದೂ ಅದೇ, ಎಲ್ಲ ಮೂಳೆಗಳೂ ಮುಗಿಸಿದ ಮೇಲೆ ಕೊನೆಗೆ ಕೆಲಸ ಮುಗಿಸುವುದೂ ಅದೇ, ಇಪ್ಪತ್ತೈದು ವರ್ಷ ಹಿಡಿಯುತ್ತದಂತೆ. ನನಗೆ ಇನ್ನೂ ಮುಗಿಯದ ನಮ್ಮೂರ ಸಮುದಾಯ ಭವನ ನೆನಪಾಯಿತು. ಆಮೇಲೆ ಬೆನ್ನಿನ ಕಡೆ ಮೂರು ಮೂಲೆಯ ತೆಳು ಹಲಗೆಯೊಂದನ್ನು ತೋರಿಸಿದರು.

“ಇದು ಹೆಗಲಿನ ಹಲಗೆ. ಪಕ್ಕೆಲುಬಿನ ಮೇಲೆ ಕೂತಿರುತ್ತೆ, ಆದ್ರೆ ಪಕ್ಕೆಲುಬಿಗೆ ಅಂಟ್ಕೊಂಡಿರಲ್ಲ. ಸುತ್ತ ಹದಿನೇಳು ಸ್ನಾಯು ಹಿಡ್ಕೊಂಡಿರ್ತವೆ, ಅಷ್ಟೆ. ಕೈ ಎತ್ತಿದ್ರೆ ಇದೂ ಜಾರ್ಕೊಂಡು ತಿರುಗುತ್ತೆ.”

ಪುಟ್ಟಲಕ್ಷ್ಮಮ್ಮ ‘ಅಂಟ್ಕೊಂಡಿರಲ್ಲ’ ಎಂಬಲ್ಲಿಗೆ ಎದ್ದಿದ್ದಳು. ‘ಅಷ್ಟೆ’ ಎನ್ನುವ ಹೊತ್ತಿಗೆ ಬಾಗಿಲಾಚೆ ಹೋಗಿ ತಂಗಿಗೆ ಫೋನು ಹಚ್ಚಿದ್ದಳು. ಎಲ್ಲ ಮನುಷ್ಯರಿಗೂ ಹೀಗೇ ಇರುತ್ತದೆ, ಹೀಗಿರುವುದರಿಂದಲೇ ನಾವು ಕೈಯನ್ನು ಮೇಲೆತ್ತಿ ಅಟ್ಟದ ಮೇಲಿನ ಡಬ್ಬ ತೆಗೆಯುತ್ತೇವೆ, ಬೆನ್ನು ಕೆರೆದುಕೊಳ್ಳುತ್ತೇವೆ ಎಂದು ಡಾಕ್ಟರಮ್ಮ ಮುಂದೆ ಹೇಳಿದ್ದನ್ನು ಕೇಳಿದವನು ನಾನೊಬ್ಬನೇ. ನಮ್ಮ ಮನೆಯಲ್ಲಿ ನಾನೊಬ್ಬನೇ ಕೇಳಿದ್ದು ಯಾವತ್ತೂ ಸಾಕ್ಷಿಯಾಗಿ ನಿಂತಿಲ್ಲ.

ಬಸ್‌ಸ್ಟ್ಯಾಂಡಿಗೆ ಬರುವ ದಾರಿಯುದ್ದಕ್ಕೂ ಅವಳಿಗೆ ತಿಳಿಸಿ ಹೇಳಿದೆ. ಎಲ್ಲರಿಗೂ ಹಾಗೆಯೇ ಕಣೇ, ನಿನ್ನದೂ ಅಂಟಿಕೊಂಡಿಲ್ಲ ಎಂದೆ. ಅವಳಿಗೆ ಕಣ್ಣಲ್ಲಿ ನೀರು ಬಂತು. ತನ್ನನ್ನು ಸಮಾಧಾನ ಮಾಡಲು ಗಂಡ ತನ್ನ ಮೇಲೂ ರೋಗ ಹಾಕುತ್ತಿದ್ದಾನಲ್ಲ ಎಂದು.

ಮನೆಗೆ ಬಂದವಳೇ ಎಕ್ಸರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋಟೋ ತೆಗೆದು ನೆಂಟರ ಗುಂಪಿಗೆ ಕಳಿಸಿದಳು. ಕಿಟಕಿಯ ಹೊರಗೆ ತೆಂಗಿನ ಗರಿ. ಗರಿಯ ಕಡ್ಡಿಗಳೆಲ್ಲ ನನ್ನ ಎಲುಬಿನ ಮೇಲೆ ಸಾಲಾಗಿ ಮೂಡಿದ್ದವು. ತುರುವೇಕೆರೆಯಿಂದ ದುರ್ಗಯ್ಯ ಅವನ್ನು ಬೆರಳಿಟ್ಟು ಎಣಿಸಿ, ಒಟ್ಟು ಹದಿಮೂರು ಬಿರುಕು, ಅಣ್ಣನನ್ನು ಅಲ್ಲಾಡಿಸಬೇಡಿ ಎಂದು ಮಾತಿನ ಸಂದೇಶ ಕಳಿಸಿದ. ಗಾಳಿ ಬೀಸಿ ಎರಡನೇ ಫೋಟೋದಲ್ಲಿ ಗರಿ ಪಕ್ಕಕ್ಕೆ ಸರಿದಿತ್ತು. ಬಿರುಕು ಜಾಗ ಬದಲಾಯಿಸುತ್ತಿದೆ ಎಂದು ಗಾಬರಿ ಹೆಚ್ಚಾಯಿತು. ಪುಟ್ಟಲಕ್ಷ್ಮಮ್ಮ ತನ್ನ ಹಳೆ ಸೀರೆ ಹರಿದು ನನ್ನ ಎಡಗೈಯನ್ನು ಕತ್ತಿಗೆ ಜೋಲಿ ಕಟ್ಟಿದಳು. ನಾನು ಬೇಡವೆನ್ನಲಿಲ್ಲ. ಬೇಡವೆಂದು ಹೇಳುವುದಕ್ಕೂ ಕಟ್ಟಿಸಿಕೊಳ್ಳುವುದಕ್ಕೂ ಹೋಲಿಸಿದರೆ ಕಟ್ಟಿಸಿಕೊಳ್ಳುವುದರಲ್ಲಿ ಆಯಾಸ ಕಮ್ಮಿ.

ಸಂಜೆ ಪಕ್ಕದ ಮನೆಯ ಸದಾಶಿವಯ್ಯ ಬಂದರು. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಒಣಗಿ, ಚಿಪ್ಪು ಬಿಟ್ಟು ಗಿಟುಕಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ತಿಳಿಯಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಟಲೊಟ ಎಂದರೆ ಆಗಿದೆ. ಈ ವಿದ್ಯೆಯಲ್ಲಿ ಸದಾಶಿವಯ್ಯನವರ ಕಿವಿಗೆ ಸಮನಾದ ಕಿವಿ ಮೂರು ತಾಲ್ಲೂಕಿನಲ್ಲಿ ಇಲ್ಲ. ಸಾವಿರ ಕಾಯಿಯ ರಾಶಿಯಲ್ಲಿ ಹತ್ತು ಅಲ್ಲಾಡಿಸಿ ಇಡೀ ಅಟ್ಟದ ಹಣೆಬರಹ ಹೇಳುತ್ತಾರೆ. ನನ್ನನ್ನು ಜಗುಲಿಯ ಅಂಚಿಗೆ ಕೂರಿಸಿ, ಬೆನ್ನಿಗೆ ಬಲಗಿವಿ ಹಚ್ಚಿ, ಜೋಲಿಯೊಳಗಿನ ಮಣಿಕಟ್ಟು ಹಿಡಿದು ಮೂರು ಸಲ ಜಾಡಿಸಿದರು.

ಕಟಕ್, ಕಟಕ್, ಕಟಕ್ ಎಂದಿತು. ಸ್ನಾಯು ಇನ್ನೂ ಬಿಟ್ಟಿರಲಿಲ್ಲ.

“ಚಿಪ್ಪು ಬಿಟ್ಟದೆ ಕಣ್ರೀ” ಎಂದರು ಸದಾಶಿವಯ್ಯ.

ಕಾಯಿಯಾದರೆ ಇದಕ್ಕಿಂತ ಒಳ್ಳೆಯ ಮಾತಿಲ್ಲ. ಮನುಷ್ಯನಾದರೆ ಏನರ್ಥ ಎಂಬುದರ ಬಗ್ಗೆ ಜಗುಲಿಯ ಮೇಲೆ ರಾತ್ರಿ ಊಟದವರೆಗೆ ಚರ್ಚೆ ನಡೆಯಿತು. ಒಣಗಿದ್ದಾನೆ ಎಂದರು ಕೆಲವರು. ಇನ್ನು ಕೆಲವರು, ಚಿಪ್ಪು ಬಿಟ್ಟ ಮೇಲೆ ಬಹಳ ದಿನ ಇಡಬಾರದು, ಕೆಡುತ್ತದೆ ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ಮಾರನೆ ಬೆಳಿಗ್ಗೆಯಿಂದ ಕಂಡಕಂಡವರೆಲ್ಲ ಬಂದು ಬೆನ್ನಿಗೆ ಕಿವಿಯಿಟ್ಟು ಅಲ್ಲಾಡಿಸತೊಡಗಿದರು. ಹಾಲಿನ ಡೈರಿಗೆ ಹೋಗುವವರು ಕ್ಯಾನು ಕೆಳಗಿಟ್ಟು ಅಲ್ಲಾಡಿಸಿದರು. ಒಬ್ಬ ಅಜ್ಜಿಗೆ ಕಿವಿ ಕೇಳಿಸುವುದಿಲ್ಲ, ಆಕೆ ಕೈ ಇಟ್ಟು ನೋಡಿ ತಲೆಯಾಡಿಸಿದರು. ವಾರದಲ್ಲಿ ಹೋಗುತ್ತದೆಂದು ಡಾಕ್ಟರಮ್ಮ ಹೇಳಿದ್ದ ಕಟಕ್ ಈ ಸೇವೆಯಿಂದ ಸೊಂಪಾಗಿ ಬೆಳೆಯಿತು.

ಮೂರನೇ ದಿನ ದುರ್ಗಯ್ಯ ತುರುವೇಕೆರೆಯಿಂದ ಒಂದು ಅರ್ಜಿ ನಮೂನೆ ತಂದ. ಅಂಗವಿಕಲರ ಮಾಸಾಶನಕ್ಕಂತೆ. ನಮ್ಮೂರು ಇರುವುದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ತುರುವೇಕೆರೆಯ ನಮೂನೆ ಇಲ್ಲಿ ನಡೆಯುವುದಿಲ್ಲ ಎಂದೆ. ನಮೂನೆ ಎಲ್ಲ ಕಡೆಯೂ ಒಂದೇ, ಅಂಟಿಕೊಂಡಿರುವ ತಾಲ್ಲೂಕು ಮಾತ್ರ ಬೇರೆ ಎಂದು ಗಂಭೀರವಾಗಿ ಹೇಳಿ, ‘ಶೇಕಡಾ ಎಷ್ಟು’ ಎಂಬ ಜಾಗದಲ್ಲಿ ಪೆನ್ನು ಹಿಡಿದು ಕಾದ. ನಾನು ಸೊನ್ನೆ ಎಂದೆ. ಅವನು ನಲವತ್ತು ಬರೆದುಕೊಂಡ. ಈ ನಲವತ್ತು ಅವನಿಗೆ ಎಲ್ಲಿಂದ ಅಂಟಿಕೊಂಡಿತೋ.

ಇಷ್ಟೆಲ್ಲ ನಡೆಯುವಾಗ ಅತ್ತೆ ಒಂದು ಮಾತೂ ಆಡಿರಲಿಲ್ಲ. ಒಳಗಿನ ಹಜಾರದಲ್ಲಿ ಕೂತು ಅಡಿಕೆ ಕತ್ತರಿಸುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಅವರ ಬೈಗುಳ ನನಗೆ ಅಭ್ಯಾಸ, ಮೌನ ಅಭ್ಯಾಸವಿಲ್ಲ. ನಾಲ್ಕನೇ ದಿನ, ಯುಗಾದಿ ಇನ್ನೂ ಏಳು ತಿಂಗಳು ದೂರವಿರುವಾಗಲೇ, ಎಲ್ಲರನ್ನೂ ಕರೆಸಿದರು. ಮೋಹನ್ ಕುಮಾರ ಬಂದ, ಅವನ ಮಕ್ಕಳು ಬಂದರು. ದುರ್ಗಯ್ಯ ಅಲ್ಲೇ ಇದ್ದ.

“ಎಡಗಡೆ ಮುಂದ್ಲದು ಇನ್ಮ್ಯಾಲೆ ದುರ್ಗಯ್ಯಂದು” ಎಂದರು ಅತ್ತೆ. “ತಿಮ್ಮ ಹಿಂದೆ ಮಂಡಕ್ಕಿ ಚೆಲ್ಕೊಂಡು ಬರ್ಲಿ.”

ನಾನು ಎದ್ದು ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತೆ. ಜೋಲಿಯಲ್ಲಿ ಕೈ ಸಿಕ್ಕಿಸಿಕೊಂಡು ಅಳುವುದು ಕಷ್ಟ, ಆದರೂ ಸ್ವಲ್ಪ ಅತ್ತುಕೊಂಡೆ. ನನಗೆ ಬಹಳ ಅವಮಾನವಾಗಿತ್ತು, ಅದಕ್ಕಿಂತ ಹೆಚ್ಚು ಸುಸ್ತಾಗಿತ್ತು. ಇಪ್ಪತ್ತೆಂಟು ವರ್ಷ ಒಂದು ಮನೆಯಲ್ಲಿ ಬದುಕಿ, ಕೊನೆಗೆ ಮಂಡಕ್ಕಿ ಚೆಲ್ಲುವವನಾದೆ. ಪುಟ್ಟಲಕ್ಷ್ಮಮ್ಮ ಬಂದು, ಮಂಡಕ್ಕಿ ಹಗುರ ಕಣ್ರೀ, ಬಲಗೈಯಲ್ಲೇ ಚೆಲ್ಲಬಹುದು ಎಂದು ಸಂತೈಸಿದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

ಜಾಗ ಸಿಕ್ಕ ಮೇಲೆ ದುರ್ಗಯ್ಯನಿಗೆ ಚಿಂತೆ ಹತ್ತಿತು. ಮೋಹನ್ ಕುಮಾರ ಆರಡಿ. ಅಂಥ ಹೊತ್ತಿನಲ್ಲಿ ಚಪ್ಪಲಿ ಹಾಕುವಂತಿಲ್ಲ, ಇಲ್ಲದಿದ್ದರೆ ಎತ್ತರದ ಹಿಮ್ಮಡಿಯದನ್ನು ಹಾಕಿಯಾದರೂ ನಿಭಾಯಿಸುತ್ತಿದ್ದನೇನೋ. ಹೆಗಲ ಮೇಲೆ ಮೂರು ಟವೆಲು ಸಿಂಬಿ ಸುತ್ತಿ ಇಟ್ಟುಕೊಂಡರೆ ಸಮವಾಗುತ್ತದೆ, ಒಮ್ಮೆ ತಾಲೀಮು ಮಾಡಿ ನೋಡೋಣ ಎಂದ. ಬದುಕಿರುವವರ ಚಟ್ಟಕ್ಕೆ ತಾಲೀಮು ಅಪಶಕುನವೆಂದು ಪುಟ್ಟಲಕ್ಷ್ಮಮ್ಮ ಬಾಯಿ ಮುಚ್ಚಿಕೊಂಡಳು. ದಾರಿ ಹುಡುಕಿದವರು ಅತ್ತೆಯೇ. ಇದು ತಾಲೀಮಲ್ಲ, ಜಗುಲಿಯ ಮೇಲಿರುವ ನವಾರದ ಮಂಚವನ್ನು ಅಂಗಳ ಸುತ್ತಿಸಿ ಹಜಾರಕ್ಕೆ ಸಾಗಿಸುವುದು. ಮಂಚ ಸಾಗಿಸಲು ನಾಲ್ಕು ಜನ ಬೇಕೇಬೇಕು. ತಮಗೆ ನಡೆಯಲಾಗುವುದಿಲ್ಲ, ಅದಕ್ಕೆ ತಾವು ಮಂಚದ ಮೇಲೇ ಕೂತಿರುತ್ತೇವೆ ಎಂದರು. ಬೆಳಿಗ್ಗೆ ತಾನೇ ಅವರು ತೋಟದವರೆಗೆ ನಡೆದು ಹೋಗಿ ಬಿದ್ದ ಕಾಯಿ ಎಣಿಸಿ ಬಂದಿದ್ದರು. ಆ ಮಾತನ್ನು ಎತ್ತುವ ಧೈರ್ಯ ಯಾರಿಗಿದೆ.

ಭಾನುವಾರ ಹತ್ತು ಗಂಟೆಗೆ ಅತ್ತೆ ಮಂಚದ ನಡುವೆ ಚಕ್ಕಳಮಕ್ಕಳ ಹಾಕಿ ಕೂತರು. ಎಲೆಯಡಿಕೆ ತಟ್ಟೆಯನ್ನೂ ಪಕ್ಕಕ್ಕಿಟ್ಟುಕೊಂಡರು. ನಾಲ್ವರೂ ಒಂದೇ ಸಲ ಎತ್ತಿ ಹೆಗಲಿಗೇರಿಸಿದರು. ನಾನು ಜೋಲಿ ಹಾಕಿಕೊಂಡು ಜಗುಲಿಯ ಕಂಬಕ್ಕೆ ಒರಗಿದ್ದೆ. ಮೊದಲ ಹತ್ತು ಹೆಜ್ಜೆ ಚೆನ್ನಾಗಿಯೇ ನಡೆಯಿತು. ಅತ್ತೆ ಮೇಲಿನಿಂದ ಊರು ನೋಡಿದರು. ಪಕ್ಕದ ಮನೆಯ ಹೆಂಚು ಒಡೆದಿದೆ ಎಂದು ಸದಾಶಿವಯ್ಯನವರಿಗೆ ತಿಳಿಸಿದರು. ಹನ್ನೊಂದನೇ ಹೆಜ್ಜೆಗೆ ದುರ್ಗಯ್ಯನ ಹೆಗಲಿನಿಂದ ಒ‌ಂದು ಟವೆಲು ಜಾರಿತು. ಅದರ ಹಿಂದೆಯೇ ಉಳಿದೆರಡೂ ಹೋದವು. ಮಂಚದ ಎಡ ಮುಂದಿನ ಮೂಲೆ ಅರ್ಧ ಅಡಿ ಕುಸಿಯಿತು. ಮೊದಲು ಎಲೆಯಡಿಕೆ ತಟ್ಟೆ ಹೊರಟಿತು. ಅದನ್ನು ಹಿಡಿಯಲು ಹೋದ ಅತ್ತೆಯೂ ಹೊರಟರು.

ನಾನು ಯೋಚನೆ ಮಾಡಲಿಲ್ಲ. ಯೋಚನೆ ಮಾಡಿದ್ದರೆ ಅಲ್ಲೇ ನಿಂತಿರುತ್ತಿದ್ದೆ. ಜಗುಲಿಯಿಂದ ಹಾರಿ, ಜೋಲಿ ಕಿತ್ತೊಗೆದು, ದುರ್ಗಯ್ಯನನ್ನು ಪಕ್ಕಕ್ಕೆ ತಳ್ಳಿ, ಆ ಮೂಲೆಗೆ ನನ್ನ ಎಡ ಹೆಗಲು ಕೊಟ್ಟು ಎತ್ತಿದೆ. ಎಂಥ ಎತ್ತು ಎಂದರೆ, ಎಡಕ್ಕೆ ಜಾರುತ್ತಿದ್ದ ಅತ್ತೆ ಬಲಕ್ಕೆ ತಿರುಗಿ, ಮೋಹನ್ ಕುಮಾರನ ತಲೆ ಸವರಿಕೊಂಡು, ಅಂಗಳದ ಮೂಲೆಯ ಕಾಯಿಮಟ್ಟೆಯ ಗುಡ್ಡೆಯ ಮೇಲೆ ಇಳಿದರು. ಮಂಚವನ್ನು ನಾನು ಕೊನೆಯವರೆಗೂ ಬೀಳಗೊಡಲಿಲ್ಲ. ಅತ್ತೆ ಮಾತ್ರ ಅದರ ಮೇಲಿರಲಿಲ್ಲ.

ಅವರು ಕೂಗಲಿಲ್ಲ. ಎದ್ದು ಕೂತು ಒಂದು ಕೈಯಿಂದ ಇನ್ನೊಂದು ಮೊಣಕೈಯನ್ನು ಹಿಡಿದುಕೊಂಡು ಬೆಳ್ಳಗಾದರು. ಕತ್ತಿನ ಬುಡದಲ್ಲಿ ಚರ್ಮ ಒಂದು ಕಡೆ ಉಬ್ಬಿ ಎದ್ದಿತ್ತು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ, ಅದರಿಂದಲೇ ಬಹಳ ನೋಯುತ್ತಿದೆ ಎಂದು ಗೊತ್ತಾಯಿತು. ನನ್ನ ಜೋಲಿಯನ್ನೇ ಅವರಿಗೆ ಕಟ್ಟಿ, ಮೋಹನ್ ಕುಮಾರನ ಕಾರಿನಲ್ಲಿ ತಿಪಟೂರಿಗೆ ಹೊರಟೆವು. ಡಾಕ್ಟರಮ್ಮನಿಗೆ ಫೋನು ಮಾಡಿದ್ದಕ್ಕೆ ಭಾನುವಾರವಾದರೂ ಬಂದರು.

ಎಕ್ಸರೇ ಮಹಡಿ ಮೇಲೆ. ಗಾಲಿಕುರ್ಚಿ ಇತ್ತು, ಅದು ಮೆಟ್ಟಿಲು ಹತ್ತುವುದಿಲ್ಲ. ಹೆಗಲು ಕೊಡುವ ನಾಲ್ವರಲ್ಲಿ ಹಿಂದಿನ ಇಬ್ಬರು ಕಾರು ನಿಲ್ಲಿಸಲು ಹೋದವರು ಬರಲೇ ಇಲ್ಲ. ಮುಂದಿನ ಬಲದವನ ಕತ್ತು ಅತ್ತೆ ತಾಗಿ ಹೊರಳದಂತಾಗಿತ್ತು. ಮುಂದಿನ ಎಡದವನು, ತನಗೆ ಮಂಡಿ ನೋವು, ಕಚೇರಿಯಲ್ಲೂ ಕೆಳಗಿನ ಕೋಣೆ ಬರೆಸಿಕೊಂಡಿದ್ದೇನೆ ಎಂದ. ನಾನು ಬಗ್ಗಿ, ಅತ್ತೆಯ ಮುರಿದ ಕಡೆ ಹೊರಗೆ ಬರುವಂತೆ ಎರಡು ಕೈಯಲ್ಲಿ ಎತ್ತಿಕೊಂಡೆ. ಇಪ್ಪತ್ತೆಂಟು ವರ್ಷ ನಾನು ಹೆದರಿದ ಮನುಷ್ಯರು ನಲವತ್ತು ಕೆಜಿಯೂ ಇರಲಿಲ್ಲ. ಅವರ ತಲೆ ನನ್ನ ಎಡ ಹೆಗಲಿನ ಮೇಲೆ ಬಿದ್ದಿತ್ತು.

ಕೊರಳೆಲುಬು ಎರಡು ತುಂಡಾಗಿತ್ತು. ಬಿದ್ದವರಲ್ಲಿ ಮೊದಲು ಮುರಿಯುವ ಮೂಳೆಗಳಲ್ಲಿ ಅದೂ ಒಂದು, ಕೈಯೂರಿದ ಪೆಟ್ಟೆಲ್ಲ ಅದರ ಮೂಲಕವೇ ಮೈಗೆ ಹೋಗಬೇಕು ಎಂದರು ಡಾಕ್ಟರಮ್ಮ. ಕೊಯ್ಯುವುದೇನೂ ಬೇಡ, ಕೈಯನ್ನು ಜೋಲಿಯಲ್ಲಿಟ್ಟು ಅಲ್ಲಾಡಿಸದೆ ಬಿಟ್ಟರೆ ಕೂಡಿಕೊಳ್ಳುತ್ತದೆ, ವಯಸ್ಸಾಗಿರುವುದರಿಂದ ತಿಂಗಳೆರಡು ತಿಂಗಳು ತಾಳ್ಮೆ ಬೇಕು ಎಂದು ಧೈರ್ಯ ಹೇಳಿದರು. ಆಗ ಪುಟ್ಟಲಕ್ಷ್ಮಮ್ಮ ಮುಂದೆ ಬಂದು, ಅವ್ವನಿಗೂ ನಮ್ಮನೆಯವರ ಹಾಗೆ ಹೆಗಲಿನ ಹಲಗೆ ಬಿಟ್ಟುಕೊಂಡಿದೆಯಾ, ಅದನ್ನೊಂದು ನೋಡಿಬಿಡಿ ಎಂದು ಕೈ ಮುಗಿದಳು.

ಡಾಕ್ಟರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಯಾರಿಗೂ ಅಂಟ್ಕೊಂಡಿರಲ್ಲ ಅಮ್ಮ” ಎಂದರು. “ನಿಮ್ಗೂ ಇಲ್ಲ, ನಂಗೂ ಇಲ್ಲ. ಇವ್ರಿಗೆ ಏನೂ ಆಗಿಲ್ಲ ಅಂತ ಅವತ್ತೇ ಹೇಳಿದ್ನಲ್ಲ.”

ದುರ್ಗಯ್ಯನ ಕೈ ಮೆಲ್ಲಗೆ ತನ್ನ ಬೆನ್ನ ಮೇಲೆ ಹೋಯಿತು, ಅಲ್ಲಿ ಏನನ್ನೋ ಹಿಡಿದುಕೊಳ್ಳಲು ನೋಡಿತು, ಸಿಗಲಿಲ್ಲ. ಮೋಹನ್ ಕುಮಾರ ಗೋಡೆಗೆ ಬೆನ್ನು ಒತ್ತಿ ನಿಂತ. ಪುಟ್ಟಲಕ್ಷ್ಮಮ್ಮ ನನ್ನ ಕಡೆ ತಿರುಗಿ, ಇದನ್ನು ಅವತ್ತೇ ಬಾಯಿಬಿಟ್ಟು ಹೇಳಬಾರದಿತ್ತೇನ್ರೀ, ಮನೆಯವರಿಗೆಲ್ಲ ಇಷ್ಟು ತೊಂದರೆ ಆಗುತ್ತಿತ್ತಾ ಎಂದು ಎಲ್ಲರೆದುರು ಕೇಳಿದಳು. ನಾನು ತಪ್ಪಾಯಿತು ಎಂದೆ.

ಇಳಿಯುವಾಗ ದುರ್ಗಯ್ಯ ಮಂಡಿ ಮರೆತು ಮುಂದೆ ಬಂದ. ತನ್ನ ಜಾಗದ ಜವಾಬ್ದಾರಿ ಅವನಿಗೆ ನೆನಪಾಗಿರಬೇಕು. ಅತ್ತೆ ಅವನ ಕಡೆ ನೋಡದೆ, ನೆಟ್ಟಗಿದ್ದ ಒಂದು ಕೈಯನ್ನು ನನ್ನ ಕತ್ತಿಗೆ ಹಾಕಿದರು. ಎತ್ತಿಕೊಂಡು ಇಳಿಯತೊಡಗಿದೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಕೆಳಗಿನ ಮೆಟ್ಟಿಲು ಕಾಣಿಸುವುದಿಲ್ಲ. ಎಂಟು ಮೆಟ್ಟಿಲಿಗೇ ನನ್ನ ಕಾಲು ನಡುಗಲು ಹತ್ತಿತು, ಬೆವರು ಕಣ್ಣಿಗಿಳಿಯಿತು. ತಿರುವಿನಲ್ಲಿ ಗೋಡೆಗೆ ಒರಗಿ ನಿಂತೆ.

“ಎಡಗಡೆ ಮುಂದ್ಲದು ನಿಂದೇ ಕಣ್ಲಾ” ಎಂದರು ಅತ್ತೆ, ನನಗೆ ಮಾತ್ರ ಕೇಳುವಷ್ಟು.

ಅವರು ಸ್ವಲ್ಪ ಹೊತ್ತು ನನ್ನ ಏದುಸಿರು ಕೇಳಿಸಿಕೊಂಡರು.

“ಆದ್ರೆ ನಾನೀಗ್ಲೇ ಹೋದ್ರೆ ನಿನ್ ಕೈಲಾಗಕಿಲ್ಲ. ಎಲ್ಡು ವರ್ಸ ತಡೀತೀನಿ ಬುಡು. ಅಷ್ಟ್ರಲ್ಲಿ ಒಸಿ ಗಟ್ಟಿಯಾಗು.”

ಎರಡು ವರ್ಷ. ಬೆಳಿಗ್ಗೆ ಐದಕ್ಕೆ ಎದ್ದು ಅವರ ಕಾಫಿ, ಅದಕ್ಕೆ ಸಕ್ಕರೆ ಹೆಚ್ಚೆಂದು ಬೈಗುಳ, ಬೋರು, ಹಸು, ನುಸಿ, ಎಲ್ಲವೂ ಮತ್ತೆ ಮೊದಲಿನಿಂದ. ಮೈಯಲ್ಲಿ ಒಂದು ಮೂಳೆಗೂ ಇನ್ನು ಶಕ್ತಿಯಿಲ್ಲ ಎನ್ನಿಸುವಷ್ಟು ದಣಿದಿದ್ದೆ.

“ಎಲ್ಡು ಸಾಲಕಿಲ್ಲ ಅತ್ತೆ” ಎಂದೆ. “ಐದು ಮಾಡ್ಕೊ.”

“ನೋಡಾನ” ಎಂದರು. “ಕೆಳಗ್ ನೋಡ್ಕೊಂಡ್ ಇಳಿ.”